ಸಪ್ಪಳ ತೆಗೆದ ಯುಪಿಎಸ್

ಮಿರಜದ ಆಸ್ಪತ್ರೆಯ ಡಾಕ್ಟರರು ಅವ್ವನನ್ನು ಮನೆಗೆ ಕಳಿಸಲು ಒಪ್ಪಿದರು. ಆದರೆ ಹಗಲೂ ರಾತ್ರಿ ಆಕ್ಸಿಜನ್ ಯಂತ್ರ ನಡೆಯುತ್ತಲೇ ಇರಬೇಕು ಎಂದರು. ಯಂತ್ರದ ಚಿಂತೆ ಇರಲಿಲ್ಲ. ಮಿರಜದಲ್ಲಿ ಮಂಚದಿಂದ ಹಿಡಿದು ರೋಗಿಗೆ ಬೇಕಾದದ್ದೆಲ್ಲ ಬಾಡಿಗೆಗೆ ಸಿಗುತ್ತದೆ. ಸಿಗದಿದ್ದದ್ದು ಕರೆಂಟು. ಆಗ ಸಾಂಗ್ಲಿ, ನಮ್ಮ ಮನೆ ಇದ್ದ ಬುಧಗಾಂವದ ಕಡೆಗೆ ಬೆಳೆಯುತ್ತಿತ್ತು. ಜೋಳದ ಹೊಲಗಳು ಪ್ಲಾಟುಗಳಾಗಿದ್ದವು, ಮೋಟಾರ್‌ಸೈಕಲ್ ಶೋರೂಮು ಬಂದಿತ್ತು, ಕೇಬಲ್ ಟಿವಿ ಬಂದಿತ್ತು. ಬಂದದ್ದೆಲ್ಲವನ್ನೂ ನಡೆಸಬೇಕಾದ ಕರೆಂಟು ಮಾತ್ರ ದಿನಾ ಮಧ್ಯಾಹ್ನ ಲೋಡ್‌ಶೆಡ್ಡಿಂಗಿನಲ್ಲಿ ತಾಸುಗಟ್ಟಲೆ ಹೋಗುತ್ತಿತ್ತು. ಒಂದು ಸಿಲಿಂಡರ್ ಇಟ್ಟುಕೊಳ್ಳಿ, ಅದು ಆಪತ್ತಿಗೆ, ದಿನದ ಮಾತಿಗೆ ಬೇರೆ ವ್ಯವಸ್ಥೆ ನೋಡಿಕೊಳ್ಳಿ ಎಂದರು ಡಾಕ್ಟರರು.

ಅವ್ವನಿಗೆ ಈ ಲೆಕ್ಕವೆಲ್ಲ ಬೇಕಾಗಿರಲಿಲ್ಲ. "ನನ್ನ ಮನಿಗೆ ಕರ್ಕೊಂಡ ನಡಿ. ಸಾಯೂದಿದ್ರ ಅಲ್ಲೇ ಸಾಯ್ತೇನಿ. ಇಲ್ಲಿ ಮಂದಿ ಭಾಳ ಕೆಮ್ಮತಾರ," ಎಂದಳು. ಇಡೀ ವಾರ್ಡಿನಲ್ಲಿ ಎಲ್ಲರಿಗಿಂತ ಜೋರಾಗಿ ಕೆಮ್ಮುತ್ತಿದ್ದವಳು ಅವಳೇ.

ನನ್ನದು ಸಾಂಗ್ಲಿಯಲ್ಲಿ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲುಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿಕೊಡುವ ಸಣ್ಣ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಂಟರ್‌ನೆಟ್ಟಿನ ಒಂದು ಚರ್ಚಾಕೂಟದಲ್ಲಿ ಕೂತಿರುತ್ತಿದ್ದೆ. ಯಾವ ಮದರ್‌ಬೋರ್ಡ್ ತಗೊಳ್ಳಲಿ, ಯಾವ ಮಾನಿಟರ್ ಬಾಳಿಕೆ ಬರುತ್ತದೆ ಎಂದು ಊರೂರಿನವರು ಅಲ್ಲಿ ಕೇಳುತ್ತಿದ್ದರು, ನಾವು ಹೇಳುತ್ತಿದ್ದೆವು. ಹೇಳುವವರಲ್ಲಿ ನಾನೂ ದೊಡ್ಡ ಮನುಷ್ಯನೇ. ಕೈಯಲ್ಲಿ ಹಿಡಿಯದ ಎಷ್ಟೋ ವಸ್ತುಗಳ ಗುಣದೋಷ ನನಗೆ ಬಾಯಿಪಾಠವಾಗಿತ್ತು. ಎಲ್ಲರೂ ಓದಿದ್ದನ್ನೇ ಹೇಳುತ್ತಿದ್ದರು, ಕೇಳಿದವನೂ ಖುಷಿಯಾಗುತ್ತಿದ್ದ, ಯಾರದೂ ಏನೂ ಹೋಗುತ್ತಿರಲಿಲ್ಲ.

ಈ ಸಲ ಕೇಳುವವನು ನಾನಾದೆ. ಸೈಬರ್ ಕೆಫೆಗಳಲ್ಲಿ ಇರುತ್ತದಲ್ಲ, ದೊಡ್ಡ ಬ್ಯಾಟರಿಗಳನ್ನು ಹೊರಗೆ ಜೋಡಿಸಿದ ಯುಪಿಎಸ್, ಅದರ ಮೇಲೆ ಆಕ್ಸಿಜನ್ ಯಂತ್ರ ನಡೆಯುತ್ತದೆಯೇ, ಎಷ್ಟು ದೊಡ್ಡದು ಬೇಕು ಎಂದು ಬರೆದೆ. ಉತ್ತರಗಳು ಧೋ ಎಂದು ಸುರಿದವು. ಒಬ್ಬ ವ್ಯಾಟುಗಳನ್ನು ಗುಣಿಸಿ ಕೊಟ್ಟ. ಇನ್ನೊಬ್ಬ ಆ ಗುಣಾಕಾರ ತಪ್ಪು ಎಂದ. ಮೂರನೆಯವನು ತನ್ನ ಗೆಳೆಯನ ಮಾವನ ಊರಲ್ಲಿ ಯಾರೋ ಹೀಗೇ ಮಾಡಿದ್ದರಂತೆ ಎಂದ. ಆಮೇಲೆ ನನ್ನನ್ನು ಬಿಟ್ಟು ಅವರವರೇ ಜಗಳಕ್ಕೆ ಬಿದ್ದರು. ಓದುತ್ತ ಓದುತ್ತ ನನಗೆ ಮೈಯೆಲ್ಲ ಉರಿಯಿತು. ಅಲ್ರೋ, ನಿಮ್ಮಲ್ಲಿ ಒಬ್ಬನಾದರೂ ಆ ಯಂತ್ರದ ಮಗ್ಗುಲಲ್ಲಿ ಕೂತಿದ್ದೀರೇನು? ಹಾಗೆಯೇ ಬರೆದುಬಿಟ್ಟೆ. ಕೂಟದ ಮೇಲ್ವಿಚಾರಕ ನನಗೇ ಸಭ್ಯತೆಯ ಪಾಠ ಹೇಳಿದ.

ಎರಡು ದಿನ ಬಿಟ್ಟು ಒಬ್ಬರ ಉತ್ತರ ಬಂತು. 'ನಮ್ಮ ಮನೆಯಲ್ಲಿ ನಡೆಸಿದ್ದೇವೆ. ಬರೆದರೆ ತಿಳಿಯುವುದಿಲ್ಲ. ಮಿರಜಕ್ಕೆ ಬನ್ನಿ,' ಎಂದು ಇಂಗ್ಲಿಷ್ ಅಕ್ಷರದ ಮರಾಠಿಯಲ್ಲಿ ಬರೆದಿದ್ದರು. ಕೆಳಗೆ ಫೋನ್ ನಂಬರು.

ಅವರು ರೈಲ್ವೆಯಲ್ಲಿ ಗುಮಾಸ್ತರು. ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು. ಬಾಗಿಲಲ್ಲಿ ಮರಾಠಿಯಲ್ಲಿ ಶುರುವಾದ ಮಾತು, ನನ್ನ ಉಚ್ಚಾರ ಕೇಳಿದ್ದೇ ಕನ್ನಡಕ್ಕೆ ತಿರುಗಿತು. "ಕನ್ನಡದವ್ರೇನ್ರಿ? ಮೊದಲ ಹೇಳಬಾರದೇನ್ರಿ! ಬರ್ರಿ, ಕುಂದ್ರಿ. ನಾವು ವಿಜಾಪುರ ಕಡಿಯವ್ರು," ಎಂದು ಚಹಾಕ್ಕೆ ನೀರಿಟ್ಟರು. ಯುಪಿಎಸ್ ಎಷ್ಟು ತಾಸು ನಡೆಯುತ್ತದೆ ಎಂದು ನಾನು ಕೇಳಿದೆ.

"ತಾಸಿನ ಮಾತು ಆಮ್ಯಾಲ. ಮೊದಲ ಇದನ್ನ ಕೇಳ್ರಿ," ಎಂದರು. ಕಂಪ್ಯೂಟರಿಗೆ ಇಟ್ಟುಕೊಂಡಿದ್ದ ಒಂದು ಸಾದಾ ಯುಪಿಎಸ್ಸಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತರು. ಅದು ಕೀಂ ಎಂದಿತು. ಸ್ವಲ್ಪ ಸುಮ್ಮನಿದ್ದು ಮತ್ತೆ ಕೀಂ ಎಂದಿತು. ಬ್ಯಾಟರಿಯ ಮೇಲೆ ನಡೆಯುತ್ತಿದ್ದೇನೆ ಎಂದು ಯುಪಿಎಸ್ ಹೇಳುವ ರೀತಿ ಅದು. ನನ್ನ ಅಂಗಡಿಯಲ್ಲಿ ದಿನಾ ಕೇಳುವ ಸಪ್ಪಳವೇ.

"ಈ ಸಪ್ಪಳ ಬಂದ ಕೂಡ್ಲೆ ನಮ್ಮ ಮನಿಯಾಕಿಗೆ ಲೈಟ್ ಹೋತು ಅಂತ ತಿಳೀತಿತ್ತು," ಎಂದರು. ನಮ್ಮ ಕಡೆ ಕರೆಂಟಿಗೆ ಲೈಟ್ ಎಂದೇ ಹೇಳುತ್ತಾರೆ. "ಮಷಿನ್ ಬರಾಬರ ನಡದಿರ್ತಿತ್ರಿ, ಗಾಳಿ ಬರಾಬರ ಬರ್ತಿತ್ತು. ಆದ್ರ ಅಕಿ ಉಸರ ಹಿಡಕೊಂಡು ಕುಂದರ್ತಿದ್ಲು. ಇನ್ನ ಎಷ್ಟ ಹೊತ್ತರಿ, ಇನ್ನ ಎಷ್ಟ ಹೊತ್ತರಿ ಅಂತ ಒಂದs ಸವನ ಕೇಳತಿದ್ಲು. ಒಳಗ ಒಂದು ಗುಂಡಗಿನ ಕರೀದು ಇರ್ತದ, ಸಪ್ಪಳ ಮಾಡೂದು. ಅದನ್ನ ತಗಸ್ರಿ. ಅಡಗಿಮನ್ಯಾಗ ಒಂದು ಸಣ್ಣ ಕೆಂಪ ಬಲ್ಬ್ ಹಚ್ಚಿ ಇಡ್ರಿ, ಯುಪಿಎಸ್ಸಿಗೆ ಅಲ್ಲ, ಸೀದಾ ಲೈಟಿಗೆ. ಅದು ಆರಿದ್ರ ನಿಮಗ ತಿಳೀತದ, ಅವರಿಗೆ ತಿಳ್ಯೂದಿಲ್ಲ. ಇನ್ನೊಂದು ಮಾತು. ಪಂಖಾ ನಿಂತರೂ ತಿಳೀತದ. ಪಂಖಾನೂ ಯುಪಿಎಸ್ ಮ್ಯಾಲೆ ಹಾಕ್ರಿ, ಅದಕ್ಕಂತ ಒಂದಳತಿ ದೊಡ್ಡದು ತಗೋರಿ."

ಕೂಟದವರ ಯಾವ ಗುಣಾಕಾರದಲ್ಲೂ ಪಂಖಾ ಇರಲಿಲ್ಲ. "ಅವರು ಈಗ..." ಎಂದು ನಾನು ತಡವರಿಸಿದೆ.

"ಹೋದ ದೀಪಾವಳಿಗೆ ತೀರಿಕೊಂಡ್ಲು. ದವಾಖಾನ್ಯಾಗ," ಎಂದರು. "ಅಂಜಿ ಅಂಜಿ ಕಡೀಕ ಅಕಿನs, ನನ್ನ ದವಾಖಾನಿಗೇ ಒಯ್ರಿ ಅಂದ್ಲು. ಆ ಯುಪಿಎಸ್ಸಿನ ಸಪ್ಪಳ ನಾ ತಗದದ್ದು ಅಕಿ ಹೋದ ಮ್ಯಾಲ. ಇದನ್ನೆಲ್ಲಾ ಯಾರಿಗೆ ಬರೀಲಿ ಹೇಳ್ರಿ?" ಚಹಾ ಆರಿಹೋಗಿತ್ತು. ಇಬ್ಬರೂ ಅದನ್ನೇ ಕುಡಿದೆವು.

ಅವರು ಹೇಳಿದಂತೆಯೇ ಮಾಡಿದೆ. ಹೊಸ ಯುಪಿಎಸ್ಸನ್ನು ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಎಂದು ಅಂಗಡಿಯವನು ಬೊಬ್ಬೆ ಹೊಡೆದ. ಹೋದರೆ ಹೋಗಲಿ ಬಿಚ್ಚೋ ಮಾರಾಯಾ ಎಂದೆ. ಅಡುಗೆಮನೆಯಲ್ಲಿ ಕೆಂಪು ಬಲ್ಬು ಬಂತು, ಅವ್ವ ಮನೆಗೆ ಬಂದಳು.

ಲೈಟು ಹೋದದ್ದು ಅವ್ವನಿಗೆ ಗೊತ್ತೇ ಆಗುತ್ತಿರಲಿಲ್ಲ. ಮಧ್ಯಾಹ್ನ ಕೆಂಪು ಬಲ್ಬು ಆರಿದಾಗ ನನ್ನ ಹೆಂಡತಿ ಅಂಗಡಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದಳು, ಬಂದಾಗ ಮತ್ತೊಂದು. ನಡುವಿನ ಹೊತ್ತಿನಲ್ಲಿ ನಾನು ಲಗ್ನಪತ್ರಿಕೆಗಳಲ್ಲಿ ವರನ ಹೆಸರನ್ನು ವಧುವಿನ ಜಾಗದಲ್ಲಿ ಹಾಕುತ್ತಿದ್ದೆ. ಅತ್ತ ಅವ್ವ ಪಂಖಾದ ಕೆಳಗೆ ಮೂಗಿಗೆ ನಳಿಕೆ ಹಾಕಿಕೊಂಡು ಆರಾಮಾಗಿ ಹರಟೆ ಹೊಡೆಯುತ್ತಿದ್ದಳು. ಒಂದು ದಿನ ಪಕ್ಕದ ಮನೆಯ ಹೆಂಗಸು, ನಾವೆಲ್ಲ ಕಾಕು ಎನ್ನುತ್ತಿದ್ದವಳು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಂದು, ಮೂರು ತಾಸಾಯಿತು, ಲೈಟೇ ಇಲ್ಲ ಎಂದು ಗೊಣಗಿದಳು.

"ನಮ್ಮ ಮನ್ಯಾಗ ಒಮ್ಮಿನೂ ಹೋಗೂದಿಲ್ಲ ನೋಡವ್ವಾ," ಎಂದಳು ಅವ್ವ. ಆಮೇಲೆ ದನಿ ತಗ್ಗಿಸಿ, "ನೀವು ಬಿಲ್ ತುಂಬೀರಿಲ್ಲೋ ಏನೋ. ನಿಮ್ಮ ಯಜಮಾನರನ್ನ ಒಮ್ಮಿ ಕೇಳಿ ನೋಡು," ಎಂದಳಂತೆ. ಕಾಕು ಸಿಟ್ಟಿಗೆದ್ದು ನಾಲ್ಕು ದಿನ ನಮ್ಮ ಕಡೆ ಹಾಯಲಿಲ್ಲ. ಹೆಂಡತಿಯೇ ಹೋಗಿ ಗುಟ್ಟು ಹೇಳಿ ಸಮಾಧಾನ ಮಾಡಿದಳು. ಆಮೇಲೆ ಆ ಕಾಕು ಬಂದಾಗಲೆಲ್ಲ ನಮ್ಮ ಬಾಗಿಲಲ್ಲಿ ಬೆವರು ಒರೆಸಿಕೊಂಡು, ಹೌದ್ರಿ ಮಾವಶಿ, ಬಿಲ್ ತುಂಬೂದು ಮರತಿದ್ವಿ ಎಂದು ಅವ್ವನಿಗೆ ಹೇಳುತ್ತ ಒಳಗೆ ಬರುತ್ತಿದ್ದಳು. ಹೆಂಡತಿ ಇದನ್ನು ಹೇಳಿದಾಗಲೆಲ್ಲ ನನಗೆ ನಿಜವಾಗಿಯೂ ಸಂತೋಷವಾಗುತ್ತಿತ್ತು. ಆ ವರ್ಷದಲ್ಲಿ ನೆನಪಿರುವ ಸಂತೋಷ ಅದೊಂದೇ.

ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ತೀರಿಕೊಂಡಳು. ಮುಂಜಾನೆ ಚಹಾ ಬೇಕು ಎಂದಿದ್ದಳಂತೆ. ಹೆಂಡತಿ ಚಹಾ ತರುವಷ್ಟರಲ್ಲಿ ಇರಲಿಲ್ಲ. ಹೆಂಡತಿ ಕೂಗಿದಾಗ ನಾನು ಅವ್ವನ ಕಡೆ ಓಡಲಿಲ್ಲ, ಅಡುಗೆಮನೆಗೆ ಓಡಿದೆ. ಕೆಂಪು ಬಲ್ಬು ಉರಿಯುತ್ತಿತ್ತು. ಪಂಖಾ ತಿರುಗುತ್ತಿತ್ತು, ಯಂತ್ರ ಗಾಳಿ ಊದುತ್ತಲೇ ಇತ್ತು. ಎಲ್ಲವೂ ಸರಿ ಇತ್ತು. ನಾನು ಇಷ್ಟು ತಿಂಗಳು ಕಾಯ್ದದ್ದು ಒಂದು ಬಾಗಿಲನ್ನು, ಅವಳು ಹೋದದ್ದು ಬೇರೆ ಬಾಗಿಲಿನಿಂದ. ಜನ ಬಂದರು, ಸಮಡೋಳಿಯಿಂದ ಅವ್ವನ ತವರಿನವರು ಬಂದರು. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. ಯಂತ್ರ ಬಂದ್ ಮಾಡು ಎಂದು ಯಾರೋ ಹೇಳಿದರು, ಕೇಳಿಸಿತು, ಕೈ ಏಳಲಿಲ್ಲ. ಕೊನೆಗೆ ಪಕ್ಕದ ಮನೆಯ ಕಾಕು ಬಂದು ಸ್ವಿಚ್ ಒತ್ತಿದಳು.

ಆಮೇಲೆ ಬಹಳ ದಿನ ಎಂದಿನಂತೆಯೇ ಅಂಗಡಿಗೆ ಹೋಗುತ್ತಿದ್ದೆ, ಊಟ ಮಾಡುತ್ತಿದ್ದೆ, ಯಾರಾದರೂ ನಕ್ಕರೆ ನಗುತ್ತಿದ್ದೆ. ಚರ್ಚಾಕೂಟವನ್ನು ತೆರೆಯುತ್ತಿದ್ದೆ, ಏನೂ ಬರೆಯುತ್ತಿರಲಿಲ್ಲ. ಹೊಸ ಪ್ರೊಸೆಸರುಗಳ ಬಗ್ಗೆ ಅವರು ಹೊಡೆದಾಡುತ್ತಿದ್ದರು.

ಒಂದು ದಿನ ಅಥಣಿ ಕಡೆಯ ಒಬ್ಬ ಹುಡುಗ ನನ್ನ ಹಳೆಯ ಪ್ರಶ್ನೆಯ ಕೆಳಗೆ ಬರೆದಿದ್ದ. ಅವನ ತಂದೆ ಮಿರಜದ ಆಸ್ಪತ್ರೆಯಲ್ಲಿದ್ದರು, ಮನೆಗೆ ಬರುತ್ತೇನೆ ಎಂದು ಹಟ ಹಿಡಿದಿದ್ದರು. ನಿಮ್ಮಲ್ಲಿ ಯುಪಿಎಸ್ ಹೇಗೆ ನಡೆಯಿತು, ದಯವಿಟ್ಟು ಹೇಳಿ ಎಂದು ಕೇಳಿದ್ದ. ನಾನು ಸಪ್ಪಳದ್ದು, ಕೆಂಪು ಬಲ್ಬಿನದು, ಪಂಖಾದ್ದು ಎಲ್ಲ ಬರೆದೆ. ಒಮ್ಮೆಯಾದರೂ ಕೈಕೊಟ್ಟಿತ್ತೇ ಎಂದು ಕೇಳಿದ. ಇಲ್ಲ ಎಂದೆ. ಅವನಿಗೆ ಧೈರ್ಯ ಬಂದಿರಬೇಕು. ನಿಮ್ಮ ತಾಯಿಯವರು ಈಗ ಹೇಗಿದ್ದಾರೆ ಎಂದು ಕೇಳಿದ.

 ಒಬ್ಬ ಗಿರಾಕಿ ಬಂದು ಕಾದು ಕಾದು ಹೊರಟುಹೋದ. ಆಮೇಲೆ ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಬರೆದೆ: 'ತೀರಿಕೊಂಡ್ರು. ಮನ್ಯಾಗ. ಲೈಟ್ ಇತ್ತು. ನಿಮ್ಮ ತಂದೀನ ಕರ್ಕೊಂಡ ಬರ್ರಿ.'