ಕೊನೆಯ ತಿಂಗಳ ಪಾಠ

ಸರ್ ನಡೆಯುವಾಗ ಅವರ ಎರಡು ಕೈಗಳೂ ಬೆನ್ನ ಹಿಂದೆ. ಬಲಗೈ ಎಡಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿರುತ್ತಿತ್ತು, ತನ್ನನ್ನು ತಾನೇ ಹಿಡಿದುಕೊಂಡು ಠಾಣೆಗೆ ಹೊರಟವರ ಹಾಗೆ. ಉರ್ವ ಮಾರ್ಕೆಟಿನಲ್ಲಿ ಬಸಳೆ ಕೊಳ್ಳುವಾಗ ಮಾತ್ರ ಆ ಹಿಡಿತ ಸಡಿಲವಾಗುತ್ತಿತ್ತು. ಚೌಕಾಸಿ ಮಾಡುತ್ತಿರಲಿಲ್ಲ. ನೋಡುತ್ತ ನಿಂತ ನನಗೇ ಸಂಕಟವಾಗುತ್ತಿತ್ತು.

ನಾನು ಹಳೆಯ ಮನೆಗಳನ್ನು ಕೆಡವಿ ಬಾಗಿಲು, ಕಿಟಕಿ, ಹಂಚು ಮಾರುವವನು. ಕಾಲೇಜಿನ ಮೆಟ್ಟಿಲು ಹತ್ತಿದ್ದು ಹಳೆಯ ಬೆಂಚು ಕೊಳ್ಳಲಿಕ್ಕೆ ಮಾತ್ರ. ಸರ್ ಬಲ್ಮಠದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಮನೆಯಲ್ಲಿ ಬೀಟೆ ಮರದ ಪುಸ್ತಕದ ಕಪಾಟು ಇದೆಯೆಂದು ಕೇಳಿ ಹೋಗಿದ್ದೆ. ಒಳಗೆ ಬಂದವನೇ ಬಗ್ಗಿ, ಬೆರಳಲ್ಲಿ ಕುಟ್ಟಿ, ಕಾಲಿಗೆ ಗೆದ್ದಲು ಹಿಡಿದಿದೆ ಎಂದೆ. ನಮ್ಮ ಕಸುಬಿನಲ್ಲಿ ಮೊದಲ ಮಾತು ಅದೇ.

"ಹಿಡಿಯಲಿಲ್ಲ ಅಂತ ನಿನಗೂ ಗೊತ್ತುಂಟು ಮಾರಾಯ," ಎಂದರು. "ಎದುರಿನವನು ಮೋಸಗಾರ ಅಂತ ತೀರ್ಮಾನ ಮಾಡಿಯೇ ನೀನು ಗೇಟು ತೆಗೆದದ್ದು. ಆ ಒಂದು ತೀರ್ಮಾನದ ಮೇಲೆ ಕೆಲವರು ಇಡೀ ಸರಕಾರ ಕಟ್ಟಿದ್ದಾರೆ. ನೀನು ವ್ಯಾಪಾರ ಮಾತ್ರ ಮಾಡ್ತಿ, ಪುಣ್ಯ."

ಕಪಾಟು ಕೊಡಲಿಲ್ಲ. ಬೇಕಾದ ಸಾಮಾನಿನ ಬಗ್ಗೆ ಎರಡನೆಯ ಸಲ ಆಸೆ ತೋರಿಸಬಾರದು. ಹೊಸಬರಿಗೆ ನಾನು ಯಾವಾಗಲೂ ಹೇಳುವ ಬುದ್ಧಿಮಾತು ಇದು. ಆದರೆ ನಾನೇ ಅದನ್ನು ಮುರಿದು ಪ್ರತಿ ಭಾನುವಾರ ಹೋಗತೊಡಗಿದೆ. ಮೂರು ನಾಲ್ಕು ವಾರ ಕಳೆದ ಮೇಲೆ ಕಪಾಟಿನ ಮಾತೇ ಬರಲಿಲ್ಲ. ಅವರ ಹೆಂಡತಿ ಚಾ ತಂದಿಡುತ್ತಿದ್ದರು, ಸರ್ ಮಾತಾಡುತ್ತಿದ್ದರು, ನಾನು ಕೇಳುತ್ತಿದ್ದೆ.

ಅವರು ಪಾಠ ಮಾಡುತ್ತಿದ್ದ ಕ್ರಮವನ್ನು ಅವರೇ ಹೇಳಿದ್ದರು. ಮನುಷ್ಯ ಅಂದರೆ ಎಂತ ಎಂಬುದಕ್ಕೆ ಒಂದೊಂದು ತಿಂಗಳು ಒಂದೊಂದು ಉತ್ತರ. ಮನುಷ್ಯ ಮೃಗ, ಅವನಿಗೆ ಹಗ್ಗ ಬೇಕು ಎಂಬ ತಿಂಗಳಲ್ಲಿ ಸರ್ ಅದರದೇ ವಕೀಲ. ಸಮಾಜ ಒಂದು ದೇಹ, ಮನುಷ್ಯ ಅದರ ಬೆರಳು ಎಂಬ ತಿಂಗಳಲ್ಲಿ ಅದಕ್ಕೂ ಅಷ್ಟೇ ಜೋರಿನ ವಕಾಲತ್ತು. ಎದುರು ಮಾತಾಡಿದ ಮಕ್ಕಳನ್ನು ಸೋಲಿಸಿ ಕೂರಿಸುತ್ತಿದ್ದರು. ಕೊನೆಯ ತಿಂಗಳು ಮಾತ್ರ, ತಾನೇ ಕಟ್ಟಿದ್ದನ್ನೆಲ್ಲ ಒಂದೊಂದಾಗಿ ಕೆಡವುತ್ತಿದ್ದರು. ಮನುಷ್ಯ ಅಂದರೆ ಇಷ್ಟೇ ಎಂದು ಹೇಳಿ ಮುಗಿಸಿದವನಿಗೆ ಆಮೇಲೆ ಉಳಿಯುವುದು ಕತ್ತಿಯ ಕೆಲಸ ಎಂಬುದು ಆ ತಿಂಗಳ ಮಾತು. ಕೆಡವುವುದು ನನ್ನ ಕಸುಬೂ ಆದ್ದರಿಂದ ನನಗೆ ಬಹಳ ಖುಷಿಯಾಗಿತ್ತು.

ಒಂದು ಭಾನುವಾರ ನಾನು ಮೊಬೈಲಿನಲ್ಲಿ ಒಂದು ಭಾಷಣ ತೋರಿಸಿದೆ. ಮಾತಾಡಿದವನು ಅವರ ಹಳೆಯ ವಿದ್ಯಾರ್ಥಿ, ಈಗ ಊರಲ್ಲಿ ದೊಡ್ಡ ಹೆಸರು. ಸರ್‌ಗೆ ಹೆಮ್ಮೆಯಾಗಬಹುದೆಂದು ಎಣಿಸಿದ್ದೆ. ಕೊಳೆತ ಬೆರಳನ್ನು ವೈದ್ಯ ಕತ್ತರಿಸುವುದು ಸಿಟ್ಟಿನಿಂದಲ್ಲ, ದೇಹದ ಮೇಲಿನ ಪ್ರೀತಿಯಿಂದ ಎಂದು ಅವನು ಹೇಳಿದಾಗ ಜನ ಕೂಗಿದರು. ಸರ್ ಮೊಬೈಲನ್ನು ಮಗುಚಿ ಇಟ್ಟರು. ಅದು ಅವರದೇ ಕ್ಲಾಸಿನ ವಾಕ್ಯ, ಒಂದಕ್ಷರವೂ ಬದಲಾಗಿರಲಿಲ್ಲ.

ಆ ಹುಡುಗ ಕೊನೆಯ ತಿಂಗಳು ಕ್ಲಾಸಿಗೇ ಬಂದಿರಲಿಲ್ಲವಂತೆ. ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಕೂರಲು ಬಿಡುವುದಿಲ್ಲ ಎಂದಾಗ ಸರ್‌ಗೆ ಪಾಪ ಕಂಡಿತು. ಚುರುಕಿನ ಹುಡುಗ ಎಂದು ಅಷ್ಟೂ ದಿನದ ಹಾಜರಿಯನ್ನು ತಾನೇ ಹಾಕಿಕೊಟ್ಟರು. ಎಲ್ಲ ಮೇಷ್ಟ್ರುಗಳೂ ಮಾಡುವ ಉಪಕಾರ.

ಭಾಷಣವಾದ ವಾರದೊಳಗೆ ವಾಮಂಜೂರಿನ ಹತ್ತಿರ ಮೀನಿನ ಟೆಂಪೋ ಓಡಿಸುವ ಒಬ್ಬನನ್ನು ಬಸ್‌ಸ್ಟಾಪಿನಲ್ಲಿ ಕಡಿದು ಕೊಂದರು. ಕಡಿದವರು ಸಿಕ್ಕಿಬಿದ್ದರು, ಎಲ್ಲರೂ ಆ ದಿನ ಭಾಷಣ ಕೇಳಲು ಹೋಗಿದ್ದವರು. ಭಾಷಣ ಮಾಡಿದವನನ್ನು ಯಾರೂ ವಿಚಾರಿಸಲಿಲ್ಲ. ಮಧ್ಯಾಹ್ನಕ್ಕೇ ಅಂಗಡಿಗಳು ಬಾಗಿಲು ಹಾಕಿದ ಆ ದಿನಗಳಲ್ಲಿ ಸರ್‌ಗೆ ಒಂದೇ ಹಟ: ಆ ಹುಡುಗನಿಗೆ ಬಾಕಿ ಪಾಠ ಮಾಡಬೇಕು, ಇನ್ನೊಬ್ಬ ಸಾಯುವ ಮೊದಲು.

ಊರು ಸ್ವಲ್ಪ ತಣ್ಣಗಾದ ಮೇಲೆ ನನ್ನ ಸ್ಕೂಟರಿನಲ್ಲಿ ಅವನ ಆಫೀಸಿಗೆ ಕರೆದುಕೊಂಡು ಹೋದೆ. ಅವನು ಎದ್ದು ಬಂದು ಕಾಲು ಹಿಡಿದ, ಎಳನೀರು ತರಿಸಿದ, ನಾನು ಮಾತಾಡುವುದೆಲ್ಲ ನೀವು ಕಲಿಸಿದ್ದೇ ಎಂದ.

"ಪೂರ್ತಿ ಕಲಿಸಲಿಲ್ಲ," ಎಂದರು ಸರ್. "ಒಂದು ಗಂಟೆ ಕೊಡು."

"ಪರೀಕ್ಷೆ ಪಾಸಾಗಿ ಎಷ್ಟು ವರ್ಷ ಆಯ್ತು ಸರ್. ಇನ್ನು ಎಂತ ಕ್ಲಾಸು?" ಎಂದು ನಕ್ಕ.

"ಬೆರಳಿಗೆ ತಾಯಿ ಇರುವುದಿಲ್ಲ. ಆ ಟೆಂಪೋದವನಿಗೆ ಉಂಟು. ಅಷ್ಟೇ ಪಾಠ. ಅದನ್ನು ನೀನು ಮೈಕಿನಲ್ಲಿ ಹೇಳಬೇಕು."

ಅವನ ನಗು ನಿಂತಿತು. ನಾನು ಮಧ್ಯೆ ಬಾಯಿ ಹಾಕಿ, ಒಂದು ಗಂಟೆ ಬೇಡ, ಅರ್ಧ ಗಂಟೆಯಾದರೂ ಕೂತುಕೊಳ್ಳಿ ಎಂದೆ. ಅಷ್ಟರಲ್ಲಿ ಅವನ ಫೋನು ಬಂತು. "ನೋಡುವ ಸರ್," ಎಂದು ಎದ್ದ. ನಮ್ಮ ಊರಲ್ಲಿ ವ್ಯಾಪಾರ ಮಾಡಿದವರಿಗೆ ಗೊತ್ತು, 'ನೋಡುವ' ಅಂದರೆ ಇಲ್ಲ ಎಂದೇ ಲೆಕ್ಕ. ಸರ್‌ಗೆ ಅದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಅಲ್ಲಿಂದ ವಾಮಂಜೂರಿಗೆ ಹೋಗುವ ಎಂದರು. ಗದ್ದೆಯ ಬದಿಯ ಸಣ್ಣ ಮನೆ. ಸತ್ತವನ ತಾಯಿ ಚಾಪೆ ಹಾಸಿ ನೀರು ಕೊಟ್ಟಳು. ಮೇಷ್ಟ್ರೆಂದು ನಾನು ಪರಿಚಯ ಹೇಳಿದ್ದೇ ಅವಳ ಮುಖ ಸ್ವಲ್ಪ ಅರಳಿತು.

"ನೀವು ನನ್ನ ಮಗನ ಮಾಸ್ಟ್ರಾ? ಅವನು ಕಲಿಯುವುದರಲ್ಲಿ ಹೇಗೆ ಇದ್ದ?"

ಸರ್ ಬಾಯಿ ತೆರೆದರು. ನಾನು ಕಲಿಸಿದ್ದು ನಿಮ್ಮ ಮಗನಿಗಲ್ಲ, ಆ ಭಾಷಣ ಮಾಡಿದವನಿಗೆ ಎಂದು ಹೇಳಲು ಬಂದಿದ್ದವರು ಅವರು. ಅವಳು ಕಾಯುತ್ತಲೇ ಇದ್ದಳು.

"ಒಳ್ಳೆಯವನಿದ್ದ," ಎಂದರು.

ಆಮೇಲೆ ಆರು ತಿಂಗಳು ಸರ್ ಆ ಹಳೆಯ ವಿದ್ಯಾರ್ಥಿಗೆ ಕಾಗದ ಬರೆದರು. ಅಂಚೆಗೆ ಹಾಕುವ ಕೆಲಸ ನನ್ನದು. ಒಂದಕ್ಕೂ ಉತ್ತರ ಬರಲಿಲ್ಲ. ಎದೆ ನೋವೆಂದು ಆಸ್ಪತ್ರೆಗೆ ಸೇರಿಸಿದ ಎರಡನೆಯ ದಿನ ಸರ್ ಹೋದರು.

ಶ್ರದ್ಧಾಂಜಲಿ ಸಭೆಗೆ ಹಾಲ್ ತುಂಬಿತ್ತು. ಅವನೂ ಬಂದಿದ್ದ. ಕಣ್ಣೊರೆಸಿಕೊಂಡು ಮೈಕು ಹಿಡಿದ. ಸರ್ ಕೊಟ್ಟ ಬೆಳಕಿನಲ್ಲೇ ನಡೆಯುತ್ತಿದ್ದೇನೆ ಎಂದು, ಅದೇ ಬೆರಳಿನ ವಾಕ್ಯವನ್ನು ಅವರ ಹೆಸರು ಹಿಡಿದು ಹೇಳಿದ. ಕೆಲವರು ತಲೆದೂಗಿದರು. ಇನ್ನು ಯಾರಾದರೂ ಮಾತಾಡುವವರಿದ್ದೀರಾ ಎಂದು ನಿರೂಪಕರು ಎರಡು ಸಲ ಕೇಳಿದರು.

ಅವನ ಕಡೆಯವರದ್ದೊಂದು ಹಳೆಯ ಕಟ್ಟಡ ಕೆಡವಲಿಕ್ಕಿತ್ತು. ಅದರ ಗುತ್ತಿಗೆಗೆ ನನ್ನ ಜೊತೆ ಮಾತುಕತೆ ಅರ್ಧಕ್ಕೆ ಬಂದಿತ್ತು. ಕೊನೆಯ ತಿಂಗಳ ಪಾಠವನ್ನು ಸರ್‌ರ ಬಾಯಿಂದಲೇ ಕೇಳಿ, ಅವನಿಗೆ ಅದು ತಪ್ಪಿತ್ತೆಂಬುದನ್ನೂ ತಿಳಿದವನು ಆ ಹಾಲ್‌ನಲ್ಲಿ ನನಗೆ ಗೊತ್ತಿದ್ದಂತೆ ನಾನೊಬ್ಬನೇ. ನಾನು ಏಳಲಿಲ್ಲ.