ಹಾಸಿಗೆ ಅಂಗಡಿಯ ಚಾಚಾ ಬಿಡಿಸಿಕೊಟ್ಟ ಫುಟ್‌ಪಾತ್

ಚಾಚಾರ ಮುಂಗೈ ಮುಟ್ಟಿದರೆ ಬೆರಳಿಗೆ ಹತ್ತಿ ಅಂಟಿಕೊಳ್ಳುತ್ತಿತ್ತು. ರೋಮಗಳ ನಡುವೆ ಸಿಕ್ಕಿಕೊಂಡ ಆ ನವಿರಾದ ಎಳೆಗಳು ಎಷ್ಟು ತೊಳೆದರೂ ಹೋಗುವುದಿಲ್ಲ ಎಂದು ಅವರೇ ನಗುತ್ತಿದ್ದರು. ಹುಟ್ಟಿನಿಂದ ಕಣ್ಣು ಕಾಣದ ನನಗೆ ಅವರ ಮುಖ ಹೇಗಿತ್ತೋ ಗೊತ್ತಿಲ್ಲ. ಆ ಮುಂಗೈ ಮಾತ್ರ ಚೆನ್ನಾಗಿ ಗೊತ್ತು.

ಕೋಲಾರದ ಬಸ್ ನಿಲ್ದಾಣದಿಂದ ನನ್ನ ಕಚೇರಿಗೆ ಹೋಗುವ ರಸ್ತೆಯಲ್ಲಿ ಅವರ ಹಾಸಿಗೆ ಅಂಗಡಿ ಇತ್ತು. ಅಪ್ಪನ ಕಾಲದಿಂದ ಹತ್ತಿ ಬಿಡಿಸಿ ಹಾಸಿಗೆ, ದಿಂಬು ಹೊಲಿಯುವ ಕಸುಬು. ನಾನು ಗುಮಾಸ್ತೆಯಾಗಿ ಕೆಲಸಕ್ಕೆ ಸೇರಿದ ಹೊಸತು. ವಕ್ಕಲೇರಿಯಿಂದ ಬಸ್ಸಿನಲ್ಲಿ ಬಂದಿಳಿದು, ಬಿಳಿ ಕೋಲು ಆಡಿಸುತ್ತ ನಡೆಯುತ್ತಿದ್ದಾಗ ಯಾರೋ ತಟ್ಟನೆ ನನ್ನ ತೋಳು ಹಿಡಿದರು. ನಾನು ಕೊಡವಿಕೊಂಡೆ.

"ಕೈ ಬಿಡಿ. ನಂಗೆ ದಾರಿ ಗೊತ್ತು. ಬೇಕಾದ್ರೆ ನಾನೇ ನಿಮ್ಮ ಕೈ ಹಿಡ್ಕೋತೀನಿ."

ಬೇರೆಯವರಾಗಿದ್ದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಅವರು ಒಂದು ಹೆಜ್ಜೆ ಹಿಂದೆ ಸರಿದು, "ಸರಿ ಮೇಡಮ್, ಹಿಡ್ಕೊಳ್ಳೋದಾದ್ರೆ ಹೇಳಿ, ಇಲ್ಲೇ ಇರ್ತೀನಿ" ಎಂದರು.

ಮರುದಿನದಿಂದ ಅವರು ನನ್ನನ್ನು ಮುಟ್ಟಲಿಲ್ಲ. ಅಂಗಡಿಯೊಳಗಿಂದಲೇ ರಸ್ತೆಯ ಸುದ್ದಿ ಹೇಳುತ್ತಿದ್ದರು. "ಸಲಾಮ್ ಮೇಡಮ್, ಮೋರಿ ಚಪ್ಪಡಿ ತೆಗ್ದವ್ರೆ, ಗೋಡೆ ಕಡೆ ಬನ್ನಿ." "ಮುಂದೆ ಯಾರೋ ಜಲ್ಲಿ ಸುರಿದವ್ರೆ, ನಿಧಾನ." ಕೆಲವೇ ತಿಂಗಳಲ್ಲಿ ನಾನು ಅವರಿಗೆ ಬೇಟಾ ಆದೆ, ಅವರು ನನಗೆ ಚಾಚಾ ಆದರು.

ಆ ಹೊತ್ತಿಗೆ ರಸ್ತೆಯಲ್ಲಿ ಹೊಸ ಅಂಗಡಿಗಳು ಬಂದವು. ಜೊತೆಗೆ ಅವುಗಳ ಬೋರ್ಡುಗಳೂ ಬಂದವು. ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸುವ, ಬೆಳಿಗ್ಗೆ ಫುಟ್‌ಪಾತಿಗೆ ತಂದಿಟ್ಟು ರಾತ್ರಿ ಒಳಗೆ ಒಯ್ಯುವ ಬೋರ್ಡುಗಳು. ನಿನ್ನೆ ಇದ್ದ ಜಾಗದಲ್ಲಿ ಇಂದು ಇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಮೊಬೈಲ್ ಅಂಗಡಿಯ ಬೋರ್ಡಿನ ಕಾಲಿಗೆ ಸಿಕ್ಕಿ ಮುಗ್ಗರಿಸಿದೆ. ಮೊಣಕಾಲು ತರಚಿಹೋಯಿತು. ಕೈಯಿಂದ ಜಾರಿದ ಕೋಲು ರಸ್ತೆಗೆ ಬಿದ್ದು ಆಟೋ ಚಕ್ರಕ್ಕೆ ಸಿಕ್ಕಿ ಮುರಿಯಿತು.

ಮನೆಯಲ್ಲಿ ಅಮ್ಮ ಹಟ ಹಿಡಿದಳು. "ಸಾಕು ನಿನ್ನ ನಡಿಗೆ. ನಾಳೆಯಿಂದ ಅಣ್ಣ ಬಿಟ್ಬರ್ತಾನೆ." ಅಣ್ಣನಿಗೆ ಬೆಳಿಗ್ಗೆ ಹಸುಗಳ ಕೆಲಸ, ಡೈರಿಗೆ ಹಾಲು ಹಾಕುವ ಕೆಲಸ. ನನ್ನನ್ನು ಬೈಕಿನಲ್ಲಿ ಬಿಡಲು ಬಂದರೆ ಅದು ಕೆಡುತ್ತಿತ್ತು, ಅದು ಮುಗಿಸಿ ಬಂದರೆ ನನಗೆ ಕಚೇರಿ ತಡವಾಗುತ್ತಿತ್ತು. ಅವನು ಗೊಣಗದೆ ದಿನಾ ಬಿಟ್ಟು ಬರುತ್ತಿದ್ದ. ಆದರೆ ಕೆಲಸ ಬಿಟ್ಟು ಮನೆಯಲ್ಲಿರುವ ಮಾತು ಅಡುಗೆಮನೆಯಲ್ಲಿ ಮೆಲ್ಲಗೆ ಶುರುವಾಯಿತು. ಆ ಮಾತು ನನ್ನ ಕಿವಿಗೆ ಬಿದ್ದಾಗ ಆದ ಭಯ ಬೋರ್ಡಿಗೆ ಎಡವಿ ಬಿದ್ದಾಗಲೂ ಆಗಿರಲಿಲ್ಲ.

ಚಾಚಾ ನನ್ನನ್ನು ಕಚೇರಿಗೇ ಹುಡುಕಿಕೊಂಡು ಬಂದರು. "ಬೈಕಲ್ಲಿ ಬರ್ತಿದ್ದೀಯಲ್ಲ, ಯಾಕೆ?" ಎಲ್ಲ ಹೇಳಿದೆ. ಅವರು ಅಲ್ಲಿಂದ ನೇರ ನಗರಸಭೆಗೆ ಹೋಗಿ ವಿಚಾರಿಸಿದರು. ಫುಟ್‌ಪಾತಿನ ಮೇಲೆ ಬೋರ್ಡು ಇಡುವಂತಿಲ್ಲ, ದೂರು ಕೊಟ್ಟರೆ ಟ್ರ್ಯಾಕ್ಟರ್ ಕಳಿಸಿ ಎತ್ತಿಸುತ್ತೇವೆ ಎಂದರಂತೆ. ಚಾಚಾ ದೂರು ಕೊಡದೆ ವಾಪಸ್ಸು ಬಂದರು.

"ಟ್ರ್ಯಾಕ್ಟರ್ ಆ ಕಡೆ ಹೋದ್ರೆ ಬೋರ್ಡು ಈ ಕಡೆಯಿಂದ ಬರ್ತವೆ ಬೇಟಾ. ಇಟ್ಟವ್ರೇ ಎತ್ತಬೇಕು. ನೀನೂ ಬಾ, ಕೇಳೋಣ."

"ನಾನು ಬಂದ್ರೆ ಅಯ್ಯೋ ಪಾಪ ಅಂತಾರೆ ಚಾಚಾ. ಅದು ಬೇಡ ನಂಗೆ."

"ಪಾಪ ಅನ್ನಿಸ್ಕೊಳ್ಳೋಕೆ ಯಾರು ಹೋಗ್ತಿದ್ದಾರೆ? ನಾವು ಕೇಳೋದು ದಾರಿ."

ಮೊದಲು ಅವರು ತಮ್ಮದೇ ಮಂಚವನ್ನು ಒಳಗೆ ಎಳೆಸಿದರು. ದಿಂಬುಗಳನ್ನು ಪೇರಿಸಿ ಗಿರಾಕಿಗಳಿಗೆ ಕಾಣುವಂತೆ ಅವರಪ್ಪನ ಕಾಲದಿಂದಲೂ ಫುಟ್‌ಪಾತಿನಲ್ಲಿ ಇಟ್ಟಿದ್ದ ಮಂಚ ಅದು. ಆಮೇಲೆ ನಾನು ಅವರ ಮುಂಗೈ ಹಿಡಿದು ಹೊರಟೆ. ಬೇಕರಿಯವರು ತಕರಾರಿಲ್ಲದೆ ಒಪ್ಪಿದರು. ಕ್ಲಿನಿಕ್ಕಿನವರು ಬೋರ್ಡನ್ನು ಮೇಲಕ್ಕೆ ನೇತುಹಾಕುತ್ತೇವೆ ಎಂದರು. ಮೊಬೈಲ್ ಅಂಗಡಿಯ ಯುವಕ ಮಾತ್ರ ಬಗ್ಗಲಿಲ್ಲ.

"ಬಿದ್ದಿದ್ದಕ್ಕೆ ಸಾರಿ ಮೇಡಮ್. ಆದ್ರೆ ಬೋರ್ಡ್ ಇಲ್ದಿದ್ರೆ ನನ್ನ ಅಂಗಡಿಗೆ ಯಾರು ಬರ್ತಾರೆ? ಬಾಡಿಗೆ ನೀವು ಕಟ್ತೀರಾ ಚಾಚಾ?"

ಚಾಚಾ ರೇಗಲಿಲ್ಲ. ಅವನನ್ನು ತಮ್ಮ ಅಂಗಡಿಗೆ ಕರೆತಂದು, ಚಹಾ ತರಿಸಿ, ರಸ್ತೆಗೆ ಮುಖ ಮಾಡಿ ಕೂರಿಸಿದರು. "ಸುಮ್ನೆ ನೋಡ್ತಾ ಇರು. ನಿನ್ನ ಬೋರ್ಡ್ ತನಕ ಬಂದೋರು ಏನ್ ಮಾಡ್ತಾರೆ?"

ನನಗೂ ಕೇಳಿಸುತ್ತಿತ್ತು. ಕಲ್ಲಿನ ಮೇಲೆ ಪಟಪಟ ಬರುತ್ತಿದ್ದ ಚಪ್ಪಲಿಗಳು ಒಂದು ಕಡೆ ತಡೆದು ರಸ್ತೆಗೆ ಇಳಿಯುತ್ತಿದ್ದವು. ಇಳಿದವು ಮತ್ತೆ ಹತ್ತುತ್ತಿರಲಿಲ್ಲ.

"ರೋಡಿಗೆ ಇಳಿದೋನು ಹಿಂದಿನಿಂದ ಬರೋ ಗಾಡಿ ನೋಡ್ತಾನೆ, ನಿನ್ನ ಅಂಗಡಿ ನೋಡಲ್ಲ ಕಣೋ. ಗಿರಾಕೀನ ನೀನೇ ದಾಟಿಸಿ ಕಳಿಸ್ತಿದ್ದೀಯ. ಬೋರ್ಡನ್ನ ಶಟರ್ ಮೇಲೆ ಹೊಡಿ. ಏಣಿ ನಂದು ತಗೋ."

ಅವನು ಉಳಿದ ಚಹಾ ಕುಡಿದು ಮುಗಿಸಿದ. ಚಹಾ ಲೋಟ ಕೆಳಗಿಟ್ಟು, "ಏಣಿ ಎಲ್ಲಿದೆ?" ಎಂದ.

ಹೊಸ ಕೋಲು ಹಿಡಿದು ಮತ್ತೆ ಆ ಅಂಗಡಿ ಸಾಲಿನುದ್ದಕ್ಕೂ ನಡೆದ ದಿನ ಚಾಚಾ ಬೇಕೆಂದೇ ಹಿಂದೆ ಉಳಿದರು. ನನ್ನ ಕಾಲಿಗೆ ಏನೂ ಸಿಗಲಿಲ್ಲ. ಆದರೆ ಕ್ಲಿನಿಕ್ಕಿನ ಎದುರು ತಗಡು ಹಣೆಗೆ ತಾಗಿತು. ಕೆಳಗಿಂದ ತೆಗೆದ ಬೋರ್ಡನ್ನು ಅಲ್ಲಿ ತೀರ ತಗ್ಗಿಗೆ ನೇತುಹಾಕಿದ್ದರು.

"ಕೋಲಿಗೆ ನೆಲ ಮಾತ್ರ ಗೊತ್ತಾಗೋದು ಚಾಚಾ. ತಲೆ ಮೇಲಿಂದು ಗೊತ್ತಾಗಲ್ಲ" ಎಂದೆ.

"ಅರೆ, ಇದು ನನಗೆ ಹೊಳೀಲೇ ಇಲ್ಲ ನೋಡು" ಎಂದು ಅವರು ನನಗೇ ಕೈ ಮೇಲೆತ್ತಿ ನಿಲ್ಲಲು ಹೇಳಿ, ಬೆರಳ ತುದಿಗಿಂತ ಮೇಲಕ್ಕೆ ಬೋರ್ಡು ಕಟ್ಟಿಸಿದರು. ಅಂದು ಸಂಜೆ ಅಣ್ಣನಿಗೆ ಫೋನು ಮಾಡಿ, ಇನ್ನು ಮೇಲೆ ಬರಬೇಡ ಎಂದೆ. ಕೆಲಸ ಬಿಡುವ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಬಡ್ತಿ ಸಿಕ್ಕಿ ನನಗೆ ಮಾಲೂರಿಗೆ ವರ್ಗವಾಯಿತು. ಹೋದ ವರ್ಷ, ರಂಜಾನ್ ಹಬ್ಬ ಮುಗಿದ ವಾರದಲ್ಲಿ, ಚಾಚಾ ತೀರಿಕೊಂಡರು. ಸುದ್ದಿ ತಿಳಿಸಿದವನು ಮೊಬೈಲ್ ಅಂಗಡಿಯವನೇ. ಅವನು ಅಳುತ್ತಿದ್ದ. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಅವರ ಸೊಸೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಮಾವ ನಿಮ್ಮ ಬಡ್ತಿ ವಿಷಯ ಮನೆಗೆ ಬಂದೋರಿಗೆಲ್ಲ ಹೇಳ್ತಿದ್ರು" ಎಂದಳು. ಅಲ್ಲಿಯವರೆಗೆ ತಡೆದುಕೊಂಡಿದ್ದ ನನಗೆ ಆಗ ತಡೆಯಲಾಗಲಿಲ್ಲ.

ಮಾಲೂರಿನಲ್ಲಿ ನಾನು ನಡೆಯುವ ರಸ್ತೆಯಲ್ಲಿ ಈಚೆಗೆ ಹೊಸದೊಂದು ಜ್ಯೂಸ್ ಅಂಗಡಿ ತೆರೆಯಿತು. ಎರಡನೆಯ ದಿನವೇ ಅದರ ಬೋರ್ಡು ನನ್ನ ಕೋಲಿಗೆ ಸಿಕ್ಕಿತು. ನಾನು ಸುತ್ತಿ ಹೋಗಲಿಲ್ಲ. ಮೆಟ್ಟಿಲು ಹತ್ತಿ ಒಳಗೆ ಹೋಗಿ, ಬೋರ್ಡು ಗೋಡೆಗೆ ಹಾಕಿಸಿ ಎಂದು ಕೇಳಿದೆ.

"ಯಾರಮ್ಮ ನೀವು? ಮುನಿಸಿಪಾಲ್ಟಿಯವ್ರಾ?" ಎಂದ ಅಂಗಡಿಯವನು.

"ಅಲ್ಲ. ಈ ರೋಡಲ್ಲಿ ದಿನಾ ನಡೆಯೋಳು."

ಅವನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಹೊರಗೆ ಹೋದ. ಕಬ್ಬಿಣದ ಕಾಲು ಮಡಚಿದ ಸದ್ದು ಕೇಳಿದ ಮೇಲೆ ನಾನು ಕಚೇರಿಯ ಕಡೆ ಹೊರಟೆ.