ಹೊತ್ತಿಗೆ ಮುಂಚೆ ಬಂದ ನೀರು

ಕಬ್ಬಿಣದ ಮುಚ್ಚಳಕ್ಕೆ ಕೊಕ್ಕೆ ಹಾಕುವ ಮೊದಲು ನೀರಕ್ಕ ಒಮ್ಮೆ ಹಿಂದಿರುಗಿ ನೋಡುತ್ತಾರೆ. ಬೀದಿಯಲ್ಲಿ ಯಾರೂ ಇಲ್ಲ. ಬೆಳಕಿನ್ನೂ ಪೂರ್ತಿ ಹರಿದಿಲ್ಲ. ತಗಡಿನ ಮಾಡುಗಳ ಮೇಲೆ ಇಬ್ಬನಿ ಕೂತಿದೆ, ಯಾವುದೋ ಮನೆಯಲ್ಲಿ ಮಗು ಕೆಮ್ಮುತ್ತಿದೆ. ಮುಚ್ಚಳ ಸರಿಸುತ್ತಾರೆ. ಮತ್ತೆ ಹಿಂದಿರುಗಿ ನೋಡುತ್ತಾರೆ. ಎದೆಯೆತ್ತರದ ರಾಡನ್ನು ಗುಂಡಿಗೆ ಇಳಿಸಿ, ವಾಲ್ವಿನ ತಲೆ ಹುಡುಕಿ, ಅಡ್ಡ ಹಿಡಿಕೆಗೆ ಮೈಭಾರವನ್ನೆಲ್ಲ ಕೊಟ್ಟು ತಿರುಗಿಸುತ್ತಾರೆ. ನೆಲದಡಿಯ ಕೊಳವೆ ಮೊದಲು ಬುಸ್ಸೆನ್ನುತ್ತದೆ, ಆಮೇಲೆ ಗಂಟಲು ಸರಿಮಾಡಿಕೊಂಡಂತೆ ಗೊರಗುಟ್ಟುತ್ತದೆ. ನೀರು ಹೊರಟಿತು.

"ಮುಂಚೆ ಈ ಸದ್ದು ಕೇಳಿದ್ರೆ ಮನಸ್ಸು ತಣ್ಣಗಾಗ್ತಿತ್ತು," ಅನ್ನುತ್ತಾರೆ. "ಈಗ ಹಂಗಲ್ಲ. ಈ ಸದ್ದಲ್ಲಿ ಹಿಂದೆ ಬೈಕ್ ಬಂದ್ರೂ ಗೊತ್ತಾಗಲ್ವಲ್ಲಾ ಅಂತ ಜೀವ ಹಾರುತ್ತೆ."

ಹಳೆಯ ಗಿರಣಿಯ ಬೆನ್ನಿಗೆ ಅಂಟಿಕೊಂಡಿರುವ ಈ ಬಡಾವಣೆಗೆ ನೀರು ಬಿಡುವ ನೀರುಗಂಟಿ ಇವರು. ದಿಬ್ಬದ ಮೇಲೊಂದು ಟ್ಯಾಂಕು, ಬೀದಿಗೊಂದರಂತೆ ಏಳು ವಾಲ್ವ್ ಗುಂಡಿ, ನಾನೂರಕ್ಕೂ ಹೆಚ್ಚು ಮನೆ. ಮನೆಯೊಳಗೆ ನಲ್ಲಿ ಇರುವ ಪುಣ್ಯವಂತರು ಬೆರಳೆಣಿಕೆ. ಉಳಿದವರಿಗೆಲ್ಲ ಬೀದಿ ನಲ್ಲಿಯೇ ಗತಿ. ಮೊದಲು ಈ ಕೆಲಸ ಇವರ ಯಜಮಾನರದಾಗಿತ್ತು. ತುಕ್ಕು ಹಿಡಿದ ವಾಲ್ವೊಂದನ್ನು ತಿರುಗಿಸಲು ಹೋಗಿ ಅವರ ಸೊಂಟ ಹಿಡಿದುಕೊಂಡಿತು, ಮತ್ತೆ ಬಿಡಲಿಲ್ಲ. "ಆ ವಾಲ್ವ್ ತಿರುಗಲಿಲ್ಲ, ನಾನು ತಿರುಗಿಬಿಟ್ಟೆ," ಎಂದು ಅವರು ಮಂಚದ ಮೇಲಿಂದಲೇ ನಗೆಯಾಡುತ್ತಾರೆ. ಮಾರನೆಯ ಬೆಳಿಗ್ಗೆ ರಾಡು ಹೊತ್ತು ಹೊರಟವರು ಹೆಂಡತಿ. ಹೆಂಗಸಿನ ಕೈಲಿ ಇದೆಲ್ಲ ಆಗುತ್ತದೆಯೇ ಎಂದವರ ಮನೆಗೂ ಅವತ್ತು ನೀರು ಬಂತು.

ಇವರು ಭಾಷಣ ಮಾಡಿದವರಲ್ಲ. ವೇದಿಕೆ ಹತ್ತಿದವರಲ್ಲ. ಬಡಾವಣೆ ಸಮಿತಿಯ ಯಾವ ಫೋಟೋದಲ್ಲೂ ಇವರಿಲ್ಲ. ಆದರೆ ಆ ಫೋಟೋಗಳಲ್ಲಿ ಹೆಂಗಸರು ಇರುವುದಕ್ಕೆ ಕಾರಣ ಇವರು.

ಕತೆ ಇಷ್ಟೇ. ಸಮಿತಿಯ ಸಭೆ ನಡೆಯುತ್ತಿದ್ದುದು ವಾರದ ರಜೆಯ ಬೆಳಿಗ್ಗೆ, ಮೈದಾನದಲ್ಲಿ. ಬೀದಿ ದೀಪ, ಮೋರಿ, ನರ್ಸಮ್ಮ ಕೂರುವ ಕೋಣೆ, ಎಲ್ಲದರ ತೀರ್ಮಾನವೂ ಅಲ್ಲೇ. ಮೈದಾನದ ಪಕ್ಕದ ಗುಂಡಿಯಲ್ಲಿ ರಾಡು ತಿರುಗಿಸುತ್ತಿದ್ದ ನೀರಕ್ಕನ ಕಿವಿಗೆ ಒಂದು ದಿನ ಮಾತೊಂದು ಬಿತ್ತು: "ಕರೆದು ಕರೆದು ಸಾಕಾಯ್ತು. ಈ ಹೆಂಗಸರಿಗೆ ಹೋರಾಟದಲ್ಲಿ ಆಸಕ್ತಿನೇ ಇಲ್ಲ."

"ನನಗೆ ನಗು ಬಂತು, ಆಮೇಲೆ ಕೋಪ ಬಂತು," ಅನ್ನುತ್ತಾರೆ. "ಆಸಕ್ತಿ ಎಲ್ಲಿಂದ ಬರುತ್ತೆ? ಹೆಂಗಸರೆಲ್ಲಾ ನಲ್ಲಿ ಮುಂದೆ ಸಾಲಲ್ಲಿ ನಿಂತಿದ್ದಾರೆ. ನೀರು ಬಿಟ್ಟಿರೋಳು ನಾನು. ಕೊಡ ಬಿಟ್ಟು ಸಭೆಗೆ ಬಂದ್ರೆ ಸಂಜೆ ಅನ್ನಕ್ಕೆ ಇವರ ಭಾಷಣ ಹಾಕಿ ಬೇಯಿಸಬೇಕಾ?"

ಮುಂದಿನ ಸಭೆಯ ದಿನ ಅವರು ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಕೋಳಿ ಕೂಗುವ ಮೊದಲೇ ನೀರು ಬಿಟ್ಟರು. ಕೊಡ, ಬಕೆಟ್ಟು, ಡ್ರಮ್ಮು ಎಲ್ಲ ತುಂಬಿ ಕೈ ಖಾಲಿಯಾದ ಹೆಂಗಸರು, ಏನಿದು ಗಲಾಟೆ ಎಂದು ಮೈದಾನದತ್ತ ಬಂದರು. ಇಸ್ತ್ರಿ ಅಂಗಡಿಯ ಅಜ್ಜಿ ಮುಂದಿನ ಸಾಲಿನಲ್ಲೇ ಕೂತು, ಎತ್ತಿದ ಬಾಯಿಗೆ ಕೇಳಿದಳಂತೆ: "ಏನಪ್ಪಾ, ಇಷ್ಟು ವರ್ಷದಿಂದ ಬಾಯಿ ಬಡ್ಕೊಳ್ತಿದ್ದೀರಲ್ಲ, ಮೋರಿ ಮೇಲೆ ಒಂದು ಚಪ್ಪಡಿ ಹಾಕಿಸೋಕಾಗಿಲ್ವಾ?" ಆ ತಿಂಗಳು ಕಳೆಯುವುದರೊಳಗೆ ಚಪ್ಪಡಿ ಬಿತ್ತು. ಅಲ್ಲಿಂದ ಮುಂದೆ ನಲ್ಲಿಯಲ್ಲಿ ಹೊತ್ತಿಗೆ ಮುಂಚೆ ನೀರು ಬಂದರೆ ಇವತ್ತು ಸಭೆ ಇದೆ ಎಂದೇ ಅರ್ಥ. ಡಂಗುರ ಬೇಡ, ಕರಪತ್ರ ಬೇಡ. ಸಮಿತಿಯ ಕಾರ್ಯದರ್ಶಿಯಾಗಿರುವ ದರ್ಜಿ ತಮಾಷೆ ಮಾಡುತ್ತಾರೆ: "ನಾನು ಕಾರ್ಯದರ್ಶಿ ಅಂತ ಹೆಸರಿಗೆ. ಸಭೆ ಕರೆಯೋಳು ನಮ್ಮ ನೀರಕ್ಕ."

ಅಧಿಕಾರಕ್ಕೊಂದು ಜಾಣತನವಿದೆ. ಬಡವರ ಮನೆ ಬಾಗಿಲಿಗೆ ಅದು ಬರುವುದು ಬಡವರು ಬಾಗಿಲಲ್ಲಿ ಇಲ್ಲದ ಹೊತ್ತು ನೋಡಿಕೊಂಡು. ಗಿರಣಿಯ ಜಾಗದಲ್ಲಿ ದೊಡ್ಡ ಕಟ್ಟಡಗಳೇಳುತ್ತವೆಯಂತೆ. ಅವುಗಳ ಕಾರುಗಳಿಗೆ ಅಗಲ ರಸ್ತೆ ಬೇಕಂತೆ. ರಸ್ತೆಗೆ ಈ ಬಡಾವಣೆಯ ಮೂರು ಬೀದಿ ಬೇಕಂತೆ. ಒಡೆಯುವ ಮನೆಗಳಿಗೆ ಕೆಂಪು ಬಣ್ಣದ ಗುರುತು ಹಾಕುವುದು ಮೊದಲ ಹೆಜ್ಜೆ. ಮನೆಯವರನ್ನು ನಿಲ್ಲಿಸಿ ಕೇಳದೆ ಗುರುತು ಹಾಕುವುದಿಲ್ಲ ಎಂದು ನಗರಸಭೆ ಕಚೇರಿಯವರು ಮಾತು ಕೊಟ್ಟಿದ್ದಾರೆ, ನಿಜ. ಮನೆಯವರೇ ಇಲ್ಲದಿದ್ದರೆ? ಗಂಡಸರು ಬೆಳಗಿನ ಪಾಳಿಗೆ ಹೋಗಿರುತ್ತಾರೆ. ಹೆಂಗಸರು ಹಿಂದಿನ ಬೀದಿಯ ನಲ್ಲಿಗಳ ಮುಂದೆ ಇರುತ್ತಾರೆ. ಬಣ್ಣದ ಡಬ್ಬಿಗೆ ನೀರಿನ ಹೊತ್ತಿಗಿಂತ ಒಳ್ಳೆಯ ಮುಹೂರ್ತ ಬೇರೆ ಯಾವುದಿದೆ!

ಆಗಲೇ ಕೆಂಪು ಬೈಕಿನವನು ಬಂದದ್ದು. ರಸ್ತೆಯ ಗುತ್ತಿಗೆದಾರನ ಕಡೆಯವನು. ನೀರಕ್ಕ ಮೂರನೆಯ ಗುಂಡಿಯ ಹತ್ತಿರ ಬಗ್ಗಿದ್ದಾಗ ಹಿಂದೆ ಬಂದು ನಿಂತ. ಬೈಯಲಿಲ್ಲ, ಗದರಲಿಲ್ಲ. ಅಕ್ಕಾ ಎಂದೇ ಕರೆದ.

"ಅಕ್ಕಾ, ನೀರಿನ ಟೈಮು ಆಚೀಚೆ ಆಗ್ಬಾರ್ದು. ನೀವು ನೀರು ಬಿಡೋರು, ನೀರು ಬಿಡಿ. ಬೇರೆ ಉಸಾಬರಿ ಯಾಕೆ?" ಆಮೇಲೆ ಮುಗುಳ್ನಕ್ಕ. "ನಿಮ್ಮ ಮಗಳು ಹಳದಿ ಚೀಲ ಹಾಕ್ಕೊಂಡು ಸೇತುವೆ ಮೇಲೆ ನಡ್ಕೊಂಡೇ ಹೋಗ್ತಾಳಲ್ವಾ? ಗಾಡಿಗಳು ಜಾಸ್ತಿ ಅಲ್ಲಿ. ಹುಷಾರಾಗಿರೋಕೆ ಹೇಳಿ."

ಹೋಗುವ ಮುಂಚೆ ಬಗ್ಗಿ, ಗುಂಡಿಯ ಮುಚ್ಚಳವನ್ನು ತಾನೇ ಎತ್ತಿ ಮುಚ್ಚಿದ. ನೀರಕ್ಕನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿರುವುದು ಅವನ ಮಾತಲ್ಲ, ಆ ಸಹಾಯ. "ಹೊಡೆದಿದ್ರೆ ಊರಿಗೇ ಹೇಳ್ತಿದ್ದೆ. ಮುಚ್ಚಳ ಮುಚ್ಚಿಕೊಟ್ಟ ಅಂತ ಯಾರ ಹತ್ರ ದೂರು ಕೊಡ್ಲಿ?"

ಮಗಳು ಸೇತುವೆಯಾಚೆಯ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಆ ಚೀಲ ಅವಳೇ ಹೊಲಿದುಕೊಂಡದ್ದು. ನೀರಕ್ಕ ಯಾರಿಗೂ ಬಾಯಿ ಬಿಡಲಿಲ್ಲ. ಗಂಡನಿಗೆ ಹೇಳಿದರೆ ಮಂಚದಿಂದ ಏಳಲಾರದ ಮನುಷ್ಯ ಒಳಗೊಳಗೇ ಬೇಯುತ್ತಾರೆ. ಮಗಳಿಗೆ ಹೇಳಿದರೆ ನಡೆಯುವ ದಾರಿಯ ಮೇಲೆ ಅವಳಿಗೆ ಇರುವ ಧೈರ್ಯವೂ ಹೋಗುತ್ತದೆ. "ಆ ಚೀಲ ಬೇಡ ಕಣೇ, ಕೊಳೆಯಾಗಿದೆ," ಎಂದಷ್ಟೇ ಅಂದರು. ಮಗಳು ಒಗೆದು, ಒಣಗಿಸಿ, ಮತ್ತೆ ಅದನ್ನೇ ಹಾಕಿಕೊಂಡಳು.

ಇಲ್ಲಿ ನಡೆದ ತಪ್ಪೊಂದನ್ನು ಬಡಾವಣೆ ಇಂದಿಗೂ ಸಾಹಸವೆಂದೇ ನಂಬಿದೆ. ಹೆದರಿಕೆಯಿಂದ ರೆಪ್ಪೆ ಮುಚ್ಚದ ನೀರಕ್ಕ ಮಾರನೆಯ ದಿನ, ಬೈಕಿನವನು ಏಳುವ ಮೊದಲೇ ಕೆಲಸ ಮುಗಿಸಿ ಮನೆ ಸೇರಿಬಿಡೋಣವೆಂದು ಬೇಗ ಹೊರಟರು. ಒಂದೊಂದೇ ಗುಂಡಿ ತೆರೆದರು, ಓಡಿದರು, ತೆರೆದರು. ನೀರು ಹೊತ್ತಿಗೆ ಮುಂಚೆ ಬಂದರೆ ಅದರ ಅರ್ಥವೇನೆಂದು ತಾವೇ ಊರಿಗೆ ಕಲಿಸಿದ್ದು ಆ ಗಾಬರಿಯಲ್ಲಿ ಮರೆತೇಹೋಗಿತ್ತು. ನಲ್ಲಿಗಳು ಕೂಗಿದವು. ಹೆಂಗಸರು ಎದ್ದರು, ತುಂಬಿದರು, ಸೆರಗು ಸಿಕ್ಕಿಸಿಕೊಂಡು ಮೈದಾನಕ್ಕೆ ಬಂದು ಕೂತರು. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಕಾರ್ಯದರ್ಶಿಯೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, "ಯಾವ ಸಭೆ? ನನಗ್ಯಾಕೆ ಯಾರೂ ಹೇಳಿಲ್ಲ?" ಎಂದು ಓಡಿಬಂದರು. ಅಷ್ಟರಲ್ಲಿ ಬಣ್ಣದ ಡಬ್ಬಿ ಹೊತ್ತ ಜೀಪು ಬಂತು. ಮುಂದಿನ ವಾರ ಬರುತ್ತೇವೆ ಎಂದಿದ್ದವರು ಅಂದೇ ಬಂದಿದ್ದರು. ಎದುರಿಗೆ ನೂರಾರು ಹೆಂಗಸರು. ಡಬ್ಬಿಯ ಮುಚ್ಚಳವನ್ನೂ ತೆರೆಯದೆ ಜೀಪು ಹಿಂದಕ್ಕೆ ಹೋಯಿತು.

ಕೊನೆಯ ಗುಂಡಿಯ ಹತ್ತಿರ ಮೈದಾನದ ಕೂಗಾಟ ಕೇಳಿದ ನೀರಕ್ಕ ಏನು ಮಾಡಿದರು ಗೊತ್ತೇ? ಗುಂಡಿಯೊಳಗೆ ಇಳಿದು ಕೂತರು. ಜನ ಹುಡುಕಿಕೊಂಡು ಬಂದು ಎತ್ತಿದಾಗ ಸೊಂಟದವರೆಗೂ ಕೆಸರು.

"ಹೆದರ್ಕೊಂಡು ಬೇಗ ಬಂದೆ ಕಣ್ರೀ, ಸತ್ಯವಾಗ್ಲೂ," ಎಂದರು.

"ಹೆದರಿಕೆಯಂತೆ ಹೆದರಿಕೆ! ಜೀಪಿಗೆ ಹೆದರಿಕೆ ಹುಟ್ಟಿಸಿದೋಳು ನೀನು," ಎಂದು ಇಸ್ತ್ರಿ ಅಜ್ಜಿ ಬೆನ್ನಿಗೆ ಗುದ್ದಿದಳು. ಎಲ್ಲರೂ ನಕ್ಕರು. ನೀರಕ್ಕನ ಕಣ್ಣು ಮಾತ್ರ ಸೇತುವೆಯ ಕಡೆಗಿತ್ತು. ತಾನು ಮಾತು ಮೀರಿದೆ ಎಂದೇ ಬೈಕಿನವನು ತಿಳಿದಿರುತ್ತಾನಲ್ಲ!

ಅದಾಗಿ ವಾರವಾಗಿದೆ. ಇಂದು ಬೆಳಿಗ್ಗೆ ಏಳೂ ಗುಂಡಿ ಮುಗಿಸಿ ಅವರು ಮನೆಗೆ ಬರುವ ಹೊತ್ತಿಗೆ ದರ್ಜಿ ಹೊಸ್ತಿಲಲ್ಲೇ ನಿಂತಿದ್ದಾರೆ. ಜೀಪಿನ ಡ್ರೈವರ್ ಗುಟ್ಟಾಗಿ ಸುದ್ದಿ ಕಳಿಸಿದ್ದಾನಂತೆ, ನಾಳೆ ಮತ್ತೆ ಬರುತ್ತಾರೆ, ಈ ಸಲ ಜನ ಜಾಸ್ತಿ. "ನಾಳೆ ನೀರು ಬೇಗ ಬಿಡ್ಬೇಕು ನೀರಕ್ಕ. ಕಳೆದ ಸಲದ ಹಾಗೆ."

ನೀರಕ್ಕ ರಾಡನ್ನು ಗೋಡೆಗೆ ಒರಗಿಸುತ್ತಾರೆ. ಅದು ಜಾರುತ್ತದೆ. ಮತ್ತೆ ಒರಗಿಸುತ್ತಾರೆ.

"ಬರೀ ನೀರು ಬಿಡು ಮಾರಾಯ್ತಿ," ಎಂದು ಮಂಚದಿಂದ ಯಜಮಾನರು. "ನಮಗ್ಯಾಕೆ ಊರ ಉಸಾಬರಿ?"

ಉಸಾಬರಿ. ಅದೇ ಪದ. ಬೈಕಿನವನ ಬಾಯಲ್ಲಿದ್ದ ಪದ ತನ್ನ ಗಂಡನ ಬಾಯಿಂದ ಬಿದ್ದದ್ದೇ ತಡ, ನೀರಕ್ಕನ ಕಟ್ಟೆ ಒಡೆಯುತ್ತದೆ. ಸೇತುವೆ, ಚೀಲ, ಮುಚ್ಚಳ, ಎಲ್ಲವನ್ನೂ ಹೇಳಿಬಿಡುತ್ತಾರೆ. ಮಗಳು ಒಲೆಯ ಮುಂದಿನಿಂದ ಎದ್ದು ಬಂದು ಕೇಳುತ್ತಾಳೆ. ಅವಳ ಮುಖದಲ್ಲಿ ರಕ್ತವಿಲ್ಲ. ಯಜಮಾನರು ಗೋಡೆಯ ಕಡೆ ತಿರುಗಲು ನೋಡುತ್ತಾರೆ, ಸೊಂಟ ಬಿಡುವುದಿಲ್ಲ. ದರ್ಜಿ ಅಲ್ಲೇ ಕುಸಿದು ಕೂರುತ್ತಾರೆ. "ಇಷ್ಟು ದಿನ ಒಬ್ಳೇ ನುಂಗ್ಕೊಂಡು ಇದ್ದೆಯಾ ತಾಯೀ? ಬೇಡ ಬಿಡು. ಮೂರು ಬೀದಿಗೋಸ್ಕರ ನಿನ್ನ ಮಗಳನ್ನ ಒತ್ತೆ ಇಡೋಕಾಗಲ್ಲ."

ಯಾರ ಧೈರ್ಯವನ್ನು ಹೊಗಳಿ ಮೆರವಣಿಗೆ ಮಾಡುತ್ತೇವೋ ಅವರ ಎದೆಬಡಿತವನ್ನು ಒಮ್ಮೆಯಾದರೂ ಕೇಳಿದ್ದೇವೆಯೇ? ಈ ಪ್ರಶ್ನೆ ಎಲ್ಲ ಸಮಿತಿಗಳಿಗೂ ಸಲ್ಲಬೇಕಾದದ್ದು.

ಸುದ್ದಿ ಇಸ್ತ್ರಿ ಅಜ್ಜಿಗೆ ಮುಟ್ಟುವುದು ತಡವಾಗಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಕೆಂಡ ಊದುತ್ತಲೇ ಅಜ್ಜಿ ಕೇಳುತ್ತಾಳೆ, "ಅವನು ಆ ಹುಡುಗೀನ ಹೆಂಗೆ ಗುರುತು ಹಿಡಿತಾನಂತೆ?"

"ಹಳದಿ ಚೀಲ ನೋಡಿ, ಅಜ್ಜಿ," ಎನ್ನುತ್ತಾರೆ ಸುದ್ದಿ ತಂದ ದರ್ಜಿ.

"ಹಂಗಾದ್ರೆ ಊರಿಗೆಲ್ಲಾ ಒಂದೇ ಚೀಲ ಇದ್ಯೇನು?" ದರ್ಜಿಯ ಕಡೆ ತಿರುಗಿ, "ಏನೋ ಕಾರ್ಯದರ್ಶೀ, ಭಾಷಣ ಹೊಲಿಯೋದು ಬಿಟ್ಟು ಬಟ್ಟೆ ಹೊಲಿಯೋಕೆ ಇನ್ನೂ ಬರುತ್ತೋ ಇಲ್ವೋ?"

ಮಧ್ಯಾಹ್ನವೆಲ್ಲ ದರ್ಜಿಯ ಅಂಗಡಿಯಲ್ಲಿ ಯಂತ್ರ ನಿಲ್ಲುವುದಿಲ್ಲ. ಕಾರ್ಖಾನೆಯ ಹುಡುಗಿಯರು ಊಟದ ಬಿಡುವಿನಲ್ಲಿ ಅಸ್ತರಿನ ತುಂಡುಗಳನ್ನು ತಂದು ಸುರಿಯುತ್ತಾರೆ. ಒಂದು ನಿಂಬೆ ಹಳದಿ, ಒಂದು ಅರಿಶಿನ, ಒಂದು ಮಾಸಿದ ಹಳದಿ. ಹಿಡಿಕೆ ಸೊಟ್ಟಗಿದ್ದರೂ ಸರಿ. ನೀರಕ್ಕ ಮೂಲೆಯಲ್ಲಿ ಕೂತು ದಾರ ಕತ್ತರಿಸುತ್ತಾರೆ. ಕತ್ತರಿಸಿದ್ದನ್ನೇ ಮತ್ತೆ ಕತ್ತರಿಸುತ್ತಾರೆ. ಇಷ್ಟರಿಂದ ಮಗಳು ಉಳಿಯುತ್ತಾಳೆಯೇ? ಯಾರಿಗೂ ಗೊತ್ತಿಲ್ಲ. "ನೀರಿಗಿಳಿದ ಮೇಲೆ ಚಳಿಯೇನು?" ಎಂದು ಅಜ್ಜಿ ಛೇಡಿಸಿದರೆ, "ದಿನಾ ನೀರಿಗಿಳಿಯೋಳು ನಾನು ಅಜ್ಜಿ. ಚಳಿ ಆಗೇ ಆಗುತ್ತೆ," ಎಂಬ ಉತ್ತರ ಬರುತ್ತದೆ. ಮಗಳನ್ನು ನಾಳೆ ಮನೆಯಲ್ಲೇ ಇರಿಸಿಕೊಳ್ಳೋಣವೆಂದರೆ ಅವಳೇ ಒಪ್ಪುವುದಿಲ್ಲ. "ನಾಳೆ ಇರ್ತೀನಿ. ನಾಡಿದ್ದು? ಅವನಿಗೆ ಹೆದರಿ ಎಷ್ಟು ದಿನ ಅಂತ ಕೂತ್ಕೊಳ್ಲಿ ಅಮ್ಮಾ?"

ಮರುದಿನ ನಸುಕಿನಲ್ಲಿ ಮೊದಲ ಗುಂಡಿಯ ಮುಚ್ಚಳ ಬೇಗನೆ ಸರಿಯುತ್ತದೆ. ವಾಲ್ವು ಬಿಗಿಯಾಗಿದೆಯೋ ತೋಳಿನಲ್ಲಿ ಬಲವಿಲ್ಲವೋ, ರಾಡು ತಿರುಗುವುದಿಲ್ಲ. ನೀರಕ್ಕ ಹಿಂದಿರುಗಿ ನೋಡುತ್ತಾರೆ, ಉಸಿರೆಳೆದುಕೊಳ್ಳುತ್ತಾರೆ, ಮತ್ತೆ ಮೈಭಾರ ಕೊಡುತ್ತಾರೆ. ಕೊಳವೆ ಬುಸ್ಸೆನ್ನುತ್ತದೆ. ಬೀದಿಯ ತುದಿಯಲ್ಲಿ ಮೊದಲ ಕೊಡದ ಸದ್ದು.

ಜೀಪು ಬರುವಾಗ ಬೆಳಕು ಹರಿದಿದೆ, ಮೈದಾನ ತುಂಬಿದೆ. ಹಿಂದೆ ಇನ್ನೊಂದು ಗಾಡಿಯಿದೆ. ಇಂಜಿನ್ ಆರಿಸದೆ ಎರಡೂ ಅಂಚಿನಲ್ಲಿ ನಿಂತಿವೆ. ಯಾರೂ ಇಳಿಯುತ್ತಿಲ್ಲ, ಯಾರೂ ಏಳುತ್ತಿಲ್ಲ. ದರ್ಜಿ ಮುಂದೆ ಹೋಗಿ, "ಮನೆಯವರು ಎಲ್ಲ ಇದ್ದೀವಿ, ಬಂದು ಕೇಳಿ," ಎನ್ನುತ್ತಿದ್ದಾರೆ.

ನೀರಕ್ಕ ಅಲ್ಲಿಲ್ಲ. ಟ್ಯಾಂಕಿನ ದಿಬ್ಬದ ಮೇಲೆ, ರಾಡಿಗೆ ಗಲ್ಲ ಊರಿಕೊಂಡು ನಿಂತಿದ್ದಾರೆ. ಅಲ್ಲಿಂದ ಸೇತುವೆ ಕಾಣುತ್ತದೆ. ಸೇತುವೆಯ ತಲೆಯಲ್ಲಿ ಕೆಂಪು ಬೈಕು ನಿಂತಿರುವುದೂ ಕಾಣುತ್ತದೆ. ಅದರ ಮುಂದಿನಿಂದ ಹುಡುಗಿಯರು ಸಾಲಾಗಿ ಸಾಗುತ್ತಿದ್ದಾರೆ, ಹೆಗಲಿಗೊಂದು ಹಳದಿ, ಹೆಗಲಿಗೊಂದು ಹಳದಿ. ಬೈಕಿನವನ ತಲೆ ಆಚೆ ತಿರುಗುತ್ತದೆ, ಈಚೆ ತಿರುಗುತ್ತದೆ. ಸಾಲಿನ ಕೊನೆಯ ಚೀಲ ಸೇತುವೆ ದಾಟುವವರೆಗೂ ನೀರಕ್ಕನ ಉಸಿರು ಹೊರಬರುವುದಿಲ್ಲ. ನಾಳೆಯೂ ಅದೇ ಸೇತುವೆ, ಅದೇ ಬೈಕು ಎಂದು ಅವರಿಗೆ ಗೊತ್ತು.

"ಮಗಳು ಯಾವೋಳು ಅಂತ ಎಷ್ಟು ನೋಡಿದ್ರೂ ಗೊತ್ತಾಗ್ಲಿಲ್ಲ," ಅನ್ನುತ್ತಾರೆ, ರಾಡನ್ನು ಹೆಗಲಿಗೇರಿಸಿಕೊಳ್ಳುತ್ತಾ. "ಹೆತ್ತೋಳಿಗೇ ಗುರುತು ಸಿಗ್ಲಿಲ್ಲ. ಅವನಿಗೆಲ್ಲಿ ಸಿಗುತ್ತೆ?"